ಒಳಬಂದ ಬೆರಳು, ಹೊರಹೋದ ಬೆರಳು

೧೯೪೩ನೇ ಇಸವಿ, ಫೆಬ್ರವರಿ ಒಂಬತ್ತು. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಶುರುಮಾಡಿದೆ. ಕೂತದ್ದು ಏಳಕ್ಕೇ, ಹತ್ತು ನಿಮಿಷ ಪೆನ್ಸಿಲು ಹೆರೆಯುವುದಕ್ಕೆ ಹೋಯಿತು. ಯಾಕೆಂದರೆ ಚಾಕುವಿನ ಮೊನೆ ನನ್ನ ಕಡೆ ತಿರುಗಿರಬಾರದು, ಹೆಬ್ಬೆರಳು ಅಲಗಿನ ಮುಂದೆ ಬರಬಾರದು, ಎದುರಿಗೆ ಯಾರೂ ಕೂತಿರಬಾರದು, ಮನಸ್ಸಿನಲ್ಲಿ ತಿಂಡಿಯ ಯೋಚನೆ ಇರಬಾರದು! ಇಷ್ಟು ನಿಯಮ ಪಾಲಿಸಿ ಒಂದು ಪೆನ್ಸಿಲು ಹೆರೆಯುವ ಮನುಷ್ಯ ಮುಳಬಾಗಿಲು ಸೀಮೆಯಲ್ಲಿ ನಿಮಗೆ ಎಲ್ಲಾದರೂ ಕಂಡರೆ, ಅವನು ನಮ್ಮ ದೊಡ್ಡಪ್ಪನವರ ಕೈಯಲ್ಲಿ ಪಳಗಿದವನೆಂದು ಕಣ್ಣುಮುಚ್ಚಿ ಹೇಳಬಹುದು.

ನಮ್ಮ ದೊಡ್ಡಪ್ಪನವರಷ್ಟು ಪುಕ್ಕಲು ಮನುಷ್ಯರನ್ನು ನೀವು ನೋಡಿರಲಾರಿರಿ. ಅವರಷ್ಟು ಧೈರ್ಯಸ್ಥರನ್ನೂ ನೋಡಿರಲಾರಿರಿ. ಸ್ವಂತ ಬೆರಳಿನ ವಿಷಯದಲ್ಲಿ ಮಹಾ ಧೈರ್ಯ. ಊರವರ ಬೆರಳಿನ ವಿಷಯದಲ್ಲಿ ಮಹಾ ಪುಕ್ಕಲು. ಇಂಥವರ ಕೈಗೆ ಊರಿನ ಉಪಕರಣಗಳನ್ನೆಲ್ಲ ಕೊಟ್ಟರೆ ಏನಾಗುತ್ತದೆ? ಅದನ್ನೇ ಹೇಳಲು ಹೊರಟಿದ್ದೇನೆ.

ಯುದ್ಧ ಶುರುವಾದ ಮೇಲೆ ಕಬ್ಬಿಣದ ಸಾಮಾನು ಕಣ್ಣಿಗೆ ಕಾಣದಂತಾಯಿತು. ಒಬ್ಬರ ಮನೆಯಲ್ಲಿ ಗರಗಸವಿದ್ದರೆ ಉಳಿ ಇಲ್ಲ, ಉಳಿ ಇದ್ದವರ ಮನೆಯಲ್ಲಿ ಸುತ್ತಿಗೆ ಇಲ್ಲ. ಆಗ ನಮ್ಮ ಬೀದಿಯವರೆಲ್ಲ ಸೇರಿ ಇದ್ದಬದ್ದ ಉಪಕರಣಗಳನ್ನು ಒಂದೇ ಕಡೆ ಕೂಡಿಟ್ಟು, ಹುಣಿಸೆಹಣ್ಣಿನ ಮಂಡಿ ಶೆಟ್ಟರ ಹಳೆಯ ಉಗ್ರಾಣದಲ್ಲಿ ಒಂದು ಸಂಘ ಮಾಡಿಕೊಂಡರು. ಯಾರು ಬೇಕಾದರೂ ಸದಸ್ಯರಾಗಬಹುದು; ಅಲ್ಲೇ ಕೂತು ನೇಗಿಲ ಮೇಣಿ ಕೂಡಿಸಿಕೊಳ್ಳಬಹುದು, ತೊಟ್ಟಿಲು ಮಾಡಿಕೊಳ್ಳಬಹುದು. ಸಂಘದ ಕೊಟ್ಟಿಗೆ ಎಂದೇ ಅದಕ್ಕೆ ಹೆಸರು. ದನ ಮಾತ್ರ ಇಲ್ಲ. ಶೆಟ್ಟರು ಅಧ್ಯಕ್ಷರು. ಬೀಗದ ಕೈ ಮತ್ತು ಹೊಸಬರನ್ನು ಪಳಗಿಸುವ ಕೆಲಸ ದೊಡ್ಡಪ್ಪನವರದು. ಹೇಗೂ ದಿನಚರಿ ಬರೆಯುವ ಚಟ ಇದೆಯಲ್ಲ ಎಂದು ಕೊಟ್ಟಿಗೆಯ ಪುಸ್ತಕ ಬರೆಯುವ ಕೆಲಸ ನನ್ನದಾಯಿತು.

ನಾನು ಸೇರಿದ್ದು ದಿನಚರಿಗಳನ್ನು ಇಡಲು ಒಂದು ಪೆಟ್ಟಿಗೆ ಮಾಡಿಕೊಳ್ಳೋಣ ಎಂದು. ನಾಲ್ಕು ಹಲಗೆ, ಒಂದು ತಳ, ಒಂದು ಮುಚ್ಚಳ. ಎರಡು ದಿನದ ಕೆಲಸವೆಂದು ನನ್ನ ಲೆಕ್ಕ. ನನ್ನ ದಿನಚರಿಯಿಂದ ತೆಗೆದು ಕೊಡುತ್ತೇನೆ, ನೋಡಿ: "ಸೇರಿದ ಹದಿಮೂರನೆಯ ದಿನ. ಈವರೆಗೆ ಮುಟ್ಟಿದ ಉಪಕರಣಗಳು: ಒಂದು. ಅದರ ಹೆಸರು: ಪೊರಕೆ."

ಮೊದಲ ವಾರ ನೆಲ ಗುಡಿಸುವುದು. ಜಾರುವ ಮರದ ಹೊಟ್ಟಿನ ಮೇಲೆ ನಿಂತವನ ಕೈಯಲ್ಲಿ ಬಾಚಿ ಇದ್ದರೆ ತುಂಡಾಗಿ ಬೀಳುವುದು ಅವನ ಕಾಲೇ ಎಂಬುದು ದೊಡ್ಡಪ್ಪನವರ ಸಿದ್ಧಾಂತ. ಎರಡನೆಯ ವಾರ ಪರಿಚಯ. ನನಗೆ ಉಪಕರಣಗಳ ಪರಿಚಯ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ! ಅವರು ನನ್ನನ್ನು ಗರಗಸದ ಮುಂದೆ, ಹೆಣ್ಣು ನೋಡಲು ಹೋದ ಗಂಡಿನಂತೆ ನಿಲ್ಲಿಸಿ, ಗರಗಸಕ್ಕೆ ಹೇಳಿದರು:

"ನೋಡಮ್ಮಾ, ಇವ್ನು ನಮ್ಮ ತಮ್ಮನ ಮಗ. ಕೈ ಚುರುಕು. ಬುದ್ಧಿ ಅಷ್ಟಕ್ಕಷ್ಟೇ. ಆತುರ ಜಾಸ್ತಿ. ಒಂಚೂರು ನೀನೇ ಸುಧಾರಿಸ್ಕೊಂಡು ಹೋಗ್ಬೇಕು."

"ದೊಡ್ಡಪ್ಪಾ, ಅದಕ್ಕೆ ಕಿವಿ ಐತಾ?"

"ಕಿವಿ ಇಲ್ದೆ ಇರ್ಬೋದು ಕಣೋ. ಹಲ್ಲು ಐತಲ್ಲ!"



ಅವರ ಪ್ರಕಾರ ಗರಗಸ ಮುಂಗೋಪಿ, ಆದರೆ ಒಳ್ಳೆಯದು. ಕಚ್ಚುವ ಮೊದಲು ಸದ್ದು ಮಾಡುತ್ತದೆ. ಉಳಿ ಮೌನಿ, ಮೌನಿಗಳನ್ನು ನಂಬಬಾರದು. ಮರ ನುಣುಪು ಮಾಡುವ ತೋಪಡ ಮಾತ್ರ ಮನೆಗೆ ಬಂದ ಸೊಸೆಯಂತೆ, ಮೊದಮೊದಲು ತಡೆಯುತ್ತದೆ, ಆಮೇಲೆ ಮನೆಯನ್ನೆಲ್ಲ ಅದೇ ಸಮ ಮಾಡುತ್ತದೆ.

ಮೂರನೆಯ ವಾರ ಗರಗಸ ಕೈಗೆ ಬಂತು. ಮರ ಬರಲಿಲ್ಲ. ಬಂದದ್ದು ಬಾಳೆದಿಂಡು! ಹೊಸಬರು ಮೊದಲು ಬಾಳೆದಿಂಡನ್ನು ಕೊಯ್ಯಬೇಕು. ಗೆರೆ ತಪ್ಪದೆ, ನಾರು ಹರಿಯದೆ, ಒತ್ತದೆ. "ಬಾಳೆದಿಂಡಿಗೆ ನೋವಾಗ್ದಂಗೆ ಕುಯ್ಯೋನು ತನ್ನ ಬೆರಳಿಗೂ ನೋವು ಮಾಡ್ಕೊಳಲ್ಲ" ಎಂದು ಅವರ ಮಾತು. ಕೊಯ್ದ ದಿಂಡೆಲ್ಲ ಎಲ್ಲಿಗೆ ಹೋಗುತ್ತದೆ? ದೊಡ್ಡಮ್ಮನ ಅಡುಗೆಮನೆಗೆ. ಆ ತಿಂಗಳು ಮೂವರು ಹೊಸಬರಿದ್ದೆವು. ನಾನು ಎಣಿಸಿದ್ದೇನೆ: ಎಡೆಬಿಡದೆ ಹದಿನಾಲ್ಕು ದಿನ ಬಾಳೆದಿಂಡಿನ ಪಲ್ಯ. ಹದಿನೈದನೆಯ ದಿನ ದೊಡ್ಡಮ್ಮ ಸೌಟು ಹಿಡಿದು ಕೊಟ್ಟಿಗೆಯ ಬಾಗಿಲಿಗೇ ಬಂದರು.

"ಇದೋ ನೋಡಿ, ನಿಮ್ಮ ಸಂಘಕ್ಕೆ ಇನ್ನೊಬ್ಬ ಮೆಂಬರ್ ಸೇರಿದ್ರೆ ನಾನು ಶ್ರೀನಿವಾಸಪುರಕ್ಕೆ ತವರಿಗೆ ಹೋಗ್ತೀನಿ!"

"ಹೋಗು. ಆದ್ರೆ ಆ ಸೌಟನ್ನ ಹಂಗೆ ಬೀಸ್ಬೇಡ್ವೇ, ಯಾರ್ದಾದ್ರೂ ಕಣ್ಣಿಗೆ ತಗಲೀತು!"

ಆದರೆ ಕೊಟ್ಟಿಗೆಯ ನಿಜವಾದ ಕೀರ್ತಿ ಬೆರಳಿನ ಪುಸ್ತಕದ್ದು. ಒಳಗೆ ಬರುವವರೆಲ್ಲ ಬಾಗಿಲಲ್ಲಿ ಎರಡೂ ಕೈ ಚಾಚಬೇಕು. ಹೋಗುವಾಗ ಮತ್ತೆ ಚಾಚಬೇಕು. ಪುಸ್ತಕದಲ್ಲಿ ಎರಡು ಕಾಲಂ: "ಒಳಬಂದ ಬೆರಳು", "ಹೊರಹೋದ ಬೆರಳು". ಬೆಳಿಗ್ಗೆ ತಲೆಗೆ ಹತ್ತರಂತೆ ಬರೆದುಬಿಡುವುದು ನನ್ನ ಪದ್ಧತಿ. ಸಂಜೆ ಮಾತ್ರ ದೊಡ್ಡಪ್ಪನವರೇ ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದರು.

ಒಂದು ಸಂಜೆ ಅವರು ಬಾಗಿಲಿಗೆ ಅಡ್ಡ ನಿಂತು, "ಯಾರೂ ಆಚೆ ಹೋಗ್ಬೇಡಿ!" ಎಂದು ಕೂಗಿದರು. ಬಂದವರು ಐದು ಜನ, ಬೆರಳು ಐವತ್ತು. ಹೋಗುತ್ತಿರುವುದು ಐವತ್ತೊಂದು!

"ಕಮ್ಮಿ ಆದ್ರೆ ತಾನೇ ದೊಡ್ಡಪ್ಪಾ ಭಯ?" ಎಂದೆ.

"ಜಾಸ್ತಿ ಆದ್ರೆ ಇನ್ನೂ ಭಯ ಕಣೋ! ಯಾರದ್ದೋ ಇವ್ರ ಜೊತೆ ಹೊರಟೈತೆ!"

ಕೆಳಗೆ ಬಗ್ಗಿ, ಹೊಟ್ಟನ್ನೆಲ್ಲ ಕೆದಕಿ, ರಕ್ತದ ಗುರುತಿದೆಯೇ ಎಂದು ಹುಡುಕಿದ ಮೇಲೆ, ಆ ದಿನವಷ್ಟೇ ಸೇರಿದ್ದ ಟೇಕಲ್ಲಿನ ರೈತರೊಬ್ಬರು ಸಂಕೋಚದಿಂದ ಎಡಗೈ ಮುಂದೆ ಮಾಡಿದರು. ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳು.

"ಹುಟ್ಟಿದಾಗಿಂದ ಐತೆ, ಸ್ವಾಮಿ."

"ಒಳಗ್ ಬರ್ಬೇಕಾದ್ರೇ ಹೇಳ್ಬಾರ್ದೇನಪ್ಪಾ! ನನ್ನ ಜೀವ ಅರ್ಧ ಹೋಯ್ತು!" ಎಂದು ದೊಡ್ಡಪ್ಪ ಅಲ್ಲೇ ಕೂತುಬಿಟ್ಟರು. ಕೂತದ್ದು ಎಷ್ಟು ಹೊತ್ತು? ಅರ್ಧ ನಿಮಿಷ. ಕೂತಲ್ಲಿ ಕೂರುವ ಜಾಯಮಾನವೇ ಅವರದಲ್ಲ. ಎದ್ದು ಉಳಿಗಳ ಮೊನೆ ಗೋಡೆಯ ಕಡೆ ತಿರುಗಿಸುವುದು, ಮತ್ತೆ ಬಂದು ಸರಿಯಾಗಿ ತಿರುಗಿದೆಯೇ ಎಂದು ನೋಡುವುದು, ಕಿಟಕಿಗೆ ಹೋಗುವುದು, ಬರುವುದು. ಒಂದು ದಿನ ನಾನು ಲೆಕ್ಕ ಇಟ್ಟೆ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಆ ಕೊಟ್ಟಿಗೆಯ ಉದ್ದ ನೂರ ಅರವತ್ತೆರಡು ಸಲ ನಡೆದಿದ್ದರು. ನೇರ ನಡೆದಿದ್ದರೆ ನಂಗಲಿಯ ಹಾದಿಯಲ್ಲಿ ಸುಮಾರು ದೂರ ಹೋಗಿರುತ್ತಿದ್ದರು.

ಇಷ್ಟು ಜಾಗರೂಕರ ಕೊಟ್ಟಿಗೆಯಲ್ಲಿ ಒಬ್ಬರಿಗೆ ಗಾಯವಾಯಿತು ಎಂದರೆ ನಂಬುತ್ತೀರಾ? ಅದೂ ದೊಡ್ಡಪ್ಪನವರ ಬಾಯಿಂದಲೇ ಆಯಿತು ಎಂದರೆ?

ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಕನ್ನಡ ಪಂಡಿತರೊಬ್ಬರು ಸಂಘಕ್ಕೆ ಸೇರಿದರು. ಓದಲು ಒಂದು ವ್ಯಾಸಪೀಠ ಮಾಡಿಕೊಳ್ಳಬೇಕೆಂದು ಅವರ ಆಸೆ. ಮೊದಲ ದಿನ ಉತ್ತರೀಯ ತೆಗೆದಿಡಿಸುವುದಕ್ಕೇ ಒಂದು ಗಂಟೆ ವಾದವಾಯಿತು. ಎರಡನೆಯ ದಿನ ಗುಡಿಸಿದರು. ಮೂರನೆಯ ದಿನ, ದೊಡ್ಡಪ್ಪ ಅತ್ತ ತಿರುಗಿದ್ದಾಗ, ಪಂಡಿತರು ಸಾಣೆಕಲ್ಲಿನ ಹತ್ತಿರ ಹೋದರು. ಅದು ಕಾಲಿನಲ್ಲಿ ತುಳಿದರೆ ತಿರುಗುವ ದೊಡ್ಡ ಚಕ್ರ. ದೊಡ್ಡಪ್ಪ ಇತ್ತ ತಿರುಗಿದರು, ನೋಡಿದರು, ಗಾಬರಿಯಿಂದ ಕೂಗಿದರು:

"ಮುಟ್ಟೊದ್ದು!"

ಪಂಡಿತರು ತಕ್ಷಣ ಬಲಗೈಯಿಂದ ಕಲ್ಲನ್ನು ಮುಟ್ಟಿದರು, ಕಾಲಿನಿಂದ ತುಳಿಗೆಯನ್ನು ಒದ್ದರು!

ಎರಡು ಬೆರಳಿನ ತುದಿಯ ಚರ್ಮ ಹೋಯಿತು.

ಈ ಸೀಮೆಯವರಾದ ನಾವು ಕನ್ನಡದಲ್ಲಿ ಊಟಕ್ಕೆ ಕೂತು ತೆಲುಗಿನಲ್ಲಿ ಕೈ ತೊಳೆಯುವವರು. ಯಾವ ಮಾತು ಯಾವ ಭಾಷೆಯದು ಎಂದು ಯಾರು ನೋಡುತ್ತಾರೆ? ದೊಡ್ಡಪ್ಪ ದಿನವಿಡೀ ಕನ್ನಡವೇ ಆಡುತ್ತಾರೆ. ಗಾಬರಿಯಾದರೆ ಮಾತ್ರ ತೆಲುಗು. ಮುಟ್ಟೊದ್ದು ಎಂದರೆ ಮುಟ್ಟಬೇಡ ಎಂದು ನಮಗೆಲ್ಲ ಗೊತ್ತು. ಪಾಪ, ಮೈಸೂರಿನ ಪಂಡಿತರಿಗೆ ಹೇಗೆ ಗೊತ್ತಾಗಬೇಕು?

ಕೈಗೆ ಬಟ್ಟೆ ಸುತ್ತುತ್ತಿರುವಾಗಲೂ ಅವರು ವ್ಯಾಕರಣ ಬಿಡಲಿಲ್ಲ. "ಮುಟ್ಟು ಎಂದಿರಿ, ಮುಟ್ಟಿದೆ. ಅನಂತರ ಒದ್ದು ಎಂದಿರಿ. ಒದ್ದು ಎಂಬುದು ಕೃದಂತಾವ್ಯಯ, ವಾಕ್ಯ ಮುಗಿಯಲಿಲ್ಲ. ಒದ್ದು ಏನು ಮಾಡಬೇಕು ಎಂದು ಮುಂದಿನ ಕ್ರಿಯಾಪದಕ್ಕೆ ಕಾಯುತ್ತಲೇ ಒದ್ದೆ ಸ್ವಾಮಿ! ಕ್ರಿಯಾಪದ ಬರಲೇ ಇಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ನಗಲಿಲ್ಲ. ಅವರು ಆ ಸಂಜೆ ಪಂಡಿತರ ಬೆರಳುಗಳನ್ನು ಮೂರು ಸಲ ಎಣಿಸಿದರು. ಹತ್ತೂ ಇದ್ದವು. ಆದರೂ ನಾಲ್ಕನೆಯ ಸಲ ಎಣಿಸಿದರು.

ಸಂಘ ಸಭೆ ಸೇರಿತು. ಶೆಟ್ಟರು ಕೆಟ್ಟವರಲ್ಲ, ಆದರೆ ಅಧ್ಯಕ್ಷರು. "ಹೊಸಬ್ರಿಗೆ ತಿಳಿಯೋ ಮಾತಲ್ಲಿ ಕೂಗೋರು ಬೇಕಲ್ಲಪ್ಪಾ. ಬರ್ತಾ ಬರ್ತಾ ಹೊರಗಿನೋರೂ ಸೇರ್ತಾರೆ. ಒಂದು ತಿಂಗಳು ಟೈಮ್ ಕೊಡೋಣ. ಮುಂದಿನ ಸಲ ಗಾಬರಿಯಾದಾಗ್ಲೂ ಒದ್ದು ಅಂತ್ಲೇ ಬಂದ್ರೆ ಬೀಗದ ಕೈ ಬೇರೆಯೋರಿಗೆ ಕೊಡ್ಬೇಕಾಗ್ತದೆ" ಎಂದರು.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಒಳಗೊಳಗೇ ಸಂತೋಷವಾಯಿತು. ಬೀಗದ ಕೈ ಬೇರೆಯವರಿಗೆ ಹೋದರೆ ನನ್ನ ಪೆಟ್ಟಿಗೆ ಬೇಗ ಆಗುತ್ತದಲ್ಲ! ಮನೆಗೆ ಬರುವ ದಾರಿಯುದ್ದಕ್ಕೂ ದೊಡ್ಡಪ್ಪ ಬೀಗದ ಕೈಯನ್ನು ಮುಷ್ಟಿಯಲ್ಲೇ ಹಿಡಿದಿದ್ದರು. ಮನೆ ಬಾಗಿಲಲ್ಲಿ ನಿಂತು, "ಕೀ ಹೋದ್ರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೋಗ್ಲಿ ಹೇಳು?" ಎಂದರು. ಅವರಿಗೆ ಮಕ್ಕಳಿಲ್ಲ. ಹೊಲ ಗುತ್ತಿಗೆಯಲ್ಲಿದೆ. ಇರುವುದು ಆ ಕೊಟ್ಟಿಗೆ ಮತ್ತು ಅಲ್ಲಿಗೆ ಬರುವವರ ಬೆರಳುಗಳು. ನನ್ನ ಸಂತೋಷ ಹೊಸಿಲಲ್ಲೇ ಉಳಿಯಿತು.

"ಬೇಡ ಅನ್ನೋದನ್ನ ಅಭ್ಯಾಸ ಮಾಡಿದ್ರಾಯ್ತಲ್ಲ, ದೊಡ್ಡಪ್ಪಾ" ಎಂದೆ.

"ಬೇಡ ಅನ್ನಕ್ಕೆ ಬರುತ್ತೆ ಕಣೋ. ಗಾಬರೀಲಿ ಬರಲ್ಲ."

"ಹಂಗಾದ್ರೆ ಗಾಬರೀಲೇ ಅಭ್ಯಾಸ ಮಾಡ್ಸೋಣ!"

ಹೀಗೆ ದೊಡ್ಡಪ್ಪನವರನ್ನು ಹೆದರಿಸುವ ಕೆಲಸ ನನಗೆ ಬಂತು. ಬೆನ್ನ ಹಿಂದೆ ಡಬ್ಬ ಬೀಳಿಸುವುದು, ಕಂಬದ ಮರೆಯಿಂದ ಹಾರುವುದು, ಸಾಣೆಕಲ್ಲಿನ ಕಡೆ ಸುಮ್ಮನೆ ಕೈ ಚಾಚುವುದು. ಕಳ್ಳ ಹೆಜ್ಜೆಯಲ್ಲಿ ಓಡಾಡಿ ನನಗೇ ಕೂತಲ್ಲಿ ಕೂರಲಾಗದಂತಾಯಿತು. ದೊಡ್ಡಮ್ಮನೂ ಸಹಾಯಕ್ಕೆ ಬಂದರು. ಅವರು ಹಿತ್ತಾಳೆ ಹಂಡೆಯ ಮುಚ್ಚಳವನ್ನೇ ದೊಡ್ಡಪ್ಪನವರ ಕಿವಿಯ ಹತ್ತಿರ ಬೀಳಿಸಿದರು.

"ನಿಧಾನ ದೊಡ್ಡಮ್ಮಾ!"

"ನೀನು ಸುಮ್ನಿರೋ. ಮೂವತ್ತು ವರ್ಷದಿಂದ ಕಾಯ್ತಿದ್ದೆ!"

ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಹೀಗಿದೆ. ಮೊದಲ ವಾರ ಹೆದರಿಸಿದ್ದು ಇಪ್ಪತ್ತೆರಡು ಸಲ: ಒದ್ದು ಇಪ್ಪತ್ತೆರಡು, ಬೇಡ ಸೊನ್ನೆ. ಎರಡನೆಯ ವಾರ ಇಪ್ಪತ್ತಾರು: ಒದ್ದು ಹದಿನೈದು, ಬೇಡ ಮೂರು, ಉಳಿದ ಎಂಟು ಸಲ ಎರಡೂ ಸೇರಿ "ಬೇಡೊದ್ದು" ಎಂದು ಹೊರಬಂತು. ಇದನ್ನು ಪಂಡಿತರ ಮುಂದೆ ಕೂಗಿದ್ದರೆ ಬೇಡವಾದದ್ದನ್ನು ಹುಡುಕಿಕೊಂಡು ಹೋಗಿ ಒದೆಯುತ್ತಿದ್ದರೋ ಏನೋ! ಮೂರನೆಯ ವಾರ ಹತ್ತೊಂಬತ್ತು: ಬೇಡ ಹದಿನೇಳು, ಒದ್ದು ಒಂದು, ಮೌನ ಒಂದು. ಮೌನದ ಹೊತ್ತಿಗೆ ಬಾಯಿ ತುಂಬ ಎಲೆಅಡಿಕೆ ಇತ್ತು.

ಗೆಲುವಿಗೂ ಒಂದು ಬೆಲೆ ಇರುತ್ತದಲ್ಲ. ಅದೇ ವಾರ ಕೋಲಾರದಲ್ಲಿ ಒಂದು ಮದುವೆ ಊಟ. ಬಡಿಸುವವರು ಹಿಂದಿನಿಂದ ಬಂದು "ಒಬ್ಬಟ್ಟು!" ಎಂದು ಕೂಗಿದರು. ದೊಡ್ಡಪ್ಪ ಬೆಚ್ಚಿಬಿದ್ದು "ಬೇಡ!" ಎಂದರು. ಒಬ್ಬಟ್ಟು ಪಕ್ಕದೆಲೆಗೆ ಹೋಯಿತು. ಒಬ್ಬಟ್ಟೆಂದರೆ ಪ್ರಾಣ ಬಿಡುವ ಮನುಷ್ಯ! ಅದು ಹೋದ ದಿಕ್ಕನ್ನೇ ಕಣ್ಣಿನಲ್ಲಿ ಹಿಂಬಾಲಿಸಿ, ನನ್ನ ಕಡೆ ತಿರುಗಿ, "ಬರ್ಕೋ. ಅದೊಂದು ಬೇಡ" ಎಂದರು.

ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. ಬೆರಳು ವಾಸಿಯಾದ ಪಂಡಿತರು ಮತ್ತೆ ಕೊಟ್ಟಿಗೆಗೆ ಬಂದರು. ವ್ಯಾಸಪೀಠದ ಆಸೆ ಬಿಟ್ಟಿರಲಿಲ್ಲ. ಪರೀಕ್ಷೆ ನೋಡಲು ಶೆಟ್ಟರೂ ಬಂದು ಒಂದು ಮೂಲೆಯಲ್ಲಿ ಕೂತರು. ಎಲ್ಲ ಕ್ರಮವಾಗಿಯೇ ನಡೆಯಿತು. ಉತ್ತರೀಯ ಗೂಟಕ್ಕೆ ಹೋಯಿತು. ಪಂಡಿತರನ್ನು ಉಳಿಗೆ ಪರಿಚಯಿಸಿದ್ದಾಯಿತು ("ದೊಡ್ಡ ವಿದ್ವಾಂಸರು ಕಣಮ್ಮ, ಹೇಳಿದ್ದೆಲ್ಲ ಮಾಡ್ತಾರೆ, ಅದೇ ಭಯ"). ಪಂಡಿತರು ಹಲಗೆಯನ್ನು ತಿರುಗಿಸಿದರು. ಮೊಣಕೈ ತಾಗಿ ಮೇಜಿನ ಮೇಲಿದ್ದ ಅಗಲ ಉಳಿ ಉರುಳಿತು. ಬೀಳುವುದನ್ನು ಹಿಡಿಯಲು ಯಾರ ಕೈ ತಾನೇ ಮುಂದೆ ಹೋಗುವುದಿಲ್ಲ? ಪಂಡಿತರ ಕೈಯೂ ಹೋಯಿತು, ಮೊನೆಯ ಕೆಳಕ್ಕೇ. ಇದನ್ನು ನಾನು ಏರ್ಪಡಿಸಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಕೂಗಿದ್ದರು:

"ಬೇಡ!"

ಪಂಡಿತರ ಕೈ ಗಾಳಿಯಲ್ಲೇ ನಿಂತಿತು. ಉಳಿ ಒಂದು ಗೇಣು ಪಕ್ಕದಲ್ಲಿ ಹಾದು ಮಣ್ಣಿನ ನೆಲಕ್ಕೆ ನಾಟಿಕೊಂಡಿತು.

ಆಮೇಲೆ ಪಂಡಿತರು ಕೈ ಹಿಂದಕ್ಕೆಳೆದುಕೊಂಡು, "ಆಹಾ! ಒಂದೇ ಪದ, ಪೂರ್ಣ ವಾಕ್ಯ!" ಎಂದರು. ಶೆಟ್ಟರು ಎದ್ದು, "ಆಯ್ತಪ್ಪಾ, ಕೀ ಇನ್ನು ನಿನ್ನತ್ರಾನೇ ಇರ್ಲಿ. ಸಭೆ ಗಿಭೆ ಏನೂ ಬೇಕಾಗಿಲ್ಲ" ಎಂದರು. ನಾನು ಪುಸ್ತಕ ತೆಗೆದು, ಸಮಯ ನೋಡಿ, ಹತ್ತು ಗಂಟೆ ಇಪ್ಪತ್ತು ನಿಮಿಷ, ಬೇಡ ಒಂದು, ಎಂದು ಬರೆದು ತಲೆಯೆತ್ತಿದೆ. ದೊಡ್ಡಪ್ಪ ಅಲ್ಲಿರಲಿಲ್ಲ.

ಉಗ್ರಾಣದ ಹಿಂದೆ ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು. ಸುಮ್ಮನೆ ಕೂತಿದ್ದರು. ಅವರು ಅಷ್ಟು ಹೊತ್ತು ಅಲುಗಾಡದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣು ಒದ್ದೆಯಾಗಿತ್ತು.

"ಗೆದ್ರಲ್ಲ ದೊಡ್ಡಪ್ಪಾ! ಯಾಕೆ?"

"ನಿಂಗೊಂದು ಹೇಳ್ತೀನಿ. ನಗ್ಬೇಡ." ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಹೇಳಿದರು. "ನಿಮ್ಮ ತಾತ ನನ್ನ ಸಾಕಿದ್ದು. ಪ್ಲೇಗ್ ಬಂದ ವರ್ಷ ಗಾಡೀಲಿ ಹಾಕ್ಕೊಂಡು ಬಂದ್ರು, ನಂಗಲಿ ಆಚೆಯಿಂದ. ನಂಗೆ ಆಗ ನಾಕು ವರ್ಷ. ನಮ್ಮಮ್ಮ ಇದ್ಲಲ್ಲ, ಅವಳ ಮುಖ ನೆನಪಿಲ್ಲ. ಹೆಸರೂ ಗೊತ್ತಿಲ್ಲ. ಒಂದೇ ಒಂದು ನೆನಪೈತೆ. ನಾನು ಒಲೆ ಹತ್ರ ಹೋಗಿದ್ದೀನಿ. ಬೆಂಕಿ ಕಡೆ ಕೈ ಚಾಚಿದ್ದೀನಿ. ಹಿಂದಿನಿಂದ ಅವಳು ಕೂಗ್ತಾಳೆ, 'ಒದ್ದು ನಾಯನಾ, ಒದ್ದು!' ಅಂತ. ಎಳ್ಕೊಳ್ತಾಳೆ. ಅಷ್ಟೇ."

ನಾನು ಅವರ ಪಕ್ಕದಲ್ಲಿ ಚಪ್ಪಡಿಯ ಮೇಲೆ ಕೂತೆ.

"ಇಷ್ಟು ವರ್ಷ ಗಾಬರಿಯಾದಾಗೆಲ್ಲ ಕೂಗ್ತಿದ್ದದ್ದು ನಾನಲ್ಲ ಕಣೋ. ಅವಳೇ ಬಂದು ಕೂಗ್ತಿದ್ಲು. ಇವತ್ತು ಬರ್ಲಿಲ್ಲ."

ಕಿಸೆಯಲ್ಲಿ ಪುಸ್ತಕವಿತ್ತು. ಅರವತ್ತೇಳು ಸಲ ಹೆದರಿಸಿ, ಒಂದೊಂದನ್ನೂ ಬರೆದಿಟ್ಟು, ನಾನು ಆಕೆಯನ್ನು ಆ ಬಾಯಿಂದ ಹೊರಗೆ ಕಳಿಸಿದ್ದೆ. ಲೆಕ್ಕ ಒಂದು ಚೂರೂ ತಪ್ಪಿರಲಿಲ್ಲ.

"ಪಂಡಿತ್ರ ಕೈ ಉಳೀತಲ್ಲ, ಅದು ಸರಿ. ಅದು ಬಿಟ್ಟು ಇನ್ನೇನು ಬೇಕು" ಎಂದು ಅವರೇ ನನಗೆ ಸಮಾಧಾನ ಹೇಳಿದರು. ಆಮೇಲೆ ಎದ್ದು ಒಳಗೆ ಹೋದರು. ಉಳಿ ಇನ್ನೂ ನೆಲದಲ್ಲಿ ನಿಂತಿದೆ, ಯಾರಾದರೂ ತುಳಿದಾರು ಎಂದು.

ಇದೆಲ್ಲ ನಡೆದು ಹದಿನೈದು ದಿನವಾಯಿತು. ಇದನ್ನು ಬರೆದು ಕಳಿಸಲು ದೊಡ್ಡಪ್ಪ ಒಪ್ಪಿದ್ದಾರೆ. ಓದುವವರಲ್ಲಿ ನಂಗಲಿ ಆಚೆಯ ಹಳ್ಳಿಗಳವರು, ಅಲ್ಲಿ ನೆಂಟರಿರುವವರು ಯಾರಾದರೂ ಇದ್ದರೆ ದಯವಿಟ್ಟು ವಿಚಾರಿಸಿ. ಊರ ಹೆಸರು ಗೊತ್ತಿಲ್ಲ. ತಾತ ಹೇಳದೆಯೇ ತೀರಿಕೊಂಡರು. ಪ್ಲೇಗಿನ ವರ್ಷ ನಾಲ್ಕು ವರ್ಷದ ಗಂಡುಮಗುವನ್ನು ಬಿಟ್ಟು ಹೋದ ತೆಲುಗು ಮಾತಿನ ತಾಯಿ. ಅಂಥವರು ಆ ವರ್ಷ ಎಷ್ಟೋ ಜನ ಇದ್ದಿರಬಹುದು, ನನಗೆ ಗೊತ್ತು. ಇನ್ನೊಂದು ಗುರುತು ಮಾತ್ರ ಹೇಳಬಲ್ಲೆ. ದೊಡ್ಡಪ್ಪನವರ ಎರಡೂ ಕೈಗಳನ್ನು ನಾನು ಬೆಳಕಿನಲ್ಲಿ ಚೆನ್ನಾಗಿ ನೋಡಿದ್ದೇನೆ. ಎಲ್ಲೂ ಸುಟ್ಟ ಕಲೆ ಇಲ್ಲ. ಹಾಗಾದರೆ ಅವರನ್ನು ಎಳೆದುಕೊಳ್ಳುವಾಗ ಬೆಂಕಿ ತಾಗಿದ್ದು ಆಕೆಗೆ, ಕಲೆ ಆಕೆಯ ಕೈಯ ಮೇಲೆ ಇದ್ದಿರಬೇಕು. ಅಂಥ ಕೈಯವರೊಬ್ಬರನ್ನು ಕಂಡಿದ್ದ ಹಿರಿಯರು ಯಾರಾದರೂ ಇದ್ದರೆ, ಆಕೆಯನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಈ ಪತ್ರಿಕೆಯ ಸಂಪಾದಕರಿಗೆ ಒಂದು ಕಾರ್ಡು ಬರೆದು ತಿಳಿಸಿ. ಬೇರೆ ಏನಾದರೂ ಮಾತು ಆಡಿದ್ದು ನೆನಪಿದ್ದರೆ ಅದನ್ನೂ ಬರೆಯಿರಿ. ತೆಲುಗಿನಲ್ಲೇ ಇರಲಿ.